ಎಮ್ಮೆಯ ಉಸಿರಿಗೆ ಕೈಯೇ ತಿದಿ

ಹಾರ್ಡ್‌ವೇರ್ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಕಸದ ಜತೆ ಬೀದಿಗೆ ಬೀಳುವ ಗೇಣುದ್ದದ ತಂತಿ ಕೊನೆಗೆ ಎಲ್ಲಿ ಸೇರುತ್ತದೆ ಗೊತ್ತೆ? ಎಷ್ಟೋ ಸಲ ಎಮ್ಮೆಯ ಹೊಟ್ಟೆಗೆ. ದನ, ಎಮ್ಮೆಗಳು ಮೇವನ್ನು ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಜಾತಿ. ತಂತಿಯೋ ಮೊಳೆಯೋ ನೋಡುವ ಪುರುಸೊತ್ತು ಅವಕ್ಕಿಲ್ಲ.

ನುಂಗಿದ ತಂತಿ ಹೋಗಿ ಕೂರುವುದು ಎರಡನೆಯ ಹೊಟ್ಟೆಯಲ್ಲಿ. ಅದರ ಮುಂದೆಯೇ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ. ತಂತಿ ಚುಚ್ಚಿ ಚುಚ್ಚಿ ಆ ಪರದೆ ಸೋಲುತ್ತದೆ. ತುಂಬಿದ ಗಬ್ಬದ ಭಾರಕ್ಕೋ, ಕರು ಹಾಕುವ ತಿಣುಕಿಗೋ ಒಂದು ದಿನ ಹರಿಯುತ್ತದೆ. ಹೊಟ್ಟೆಯ ಭಾಗ ಎದೆಯೊಳಕ್ಕೆ ನುಗ್ಗುತ್ತದೆ. ಹಸುವಿಗಿಂತ ಎಮ್ಮೆಯಲ್ಲೇ ಈ ಕಾಟ ಹೆಚ್ಚು.

ಮನೆಯವರಿಗೆ ಕಾಣುವುದು ಇಷ್ಟೆ: ಮೇವು ಬಿಟ್ಟಿತು, ಹಾಲು ಇಳಿಯಿತು, ಸಗಣಿ ಕರ್ರಗೆ ಒಂದಿಷ್ಟೇ ಬೀಳುತ್ತಿದೆ. ಹೊಟ್ಟೆ ಉಬ್ಬುತ್ತದೆ, ಔಷಧ ಕುಡಿಸಿದರೆ ಇಳಿಯುತ್ತದೆ, ಎರಡು ದಿನಕ್ಕೆ ಮತ್ತೆ ಉಬ್ಬುತ್ತದೆ. ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸುವಷ್ಟರಲ್ಲಿ ವಾರ ಕಳೆದಿರುತ್ತದೆ. ಸಾಲ ಮಾಡಿ ತಂದ ಎಮ್ಮೆ, ಡೇರಿಯ ಬಟವಾಡೆ ನಂಬಿದ ಸಂಸಾರ!

ಇದಕ್ಕೆ ಮದ್ದಿಲ್ಲ, ಹೊಲಿಗೆಯೇ ಗತಿ. ಎಮ್ಮೆಯನ್ನು ಗಾಡಿ ಹತ್ತಿಸಿ ಹೆಬ್ಬಾಳ, ಬೀದರ, ಶಿವಮೊಗ್ಗದಂಥ ಪಶುವೈದ್ಯ ಕಾಲೇಜಿಗೆ ಒಯ್ಯಬೇಕಾಗುತ್ತದೆ. ಮೊದಲು ನಿಂತಲ್ಲೇ ಪಕ್ಕೆ ಮರಗಟ್ಟಿಸಿ, ದೊಡ್ಡ ಹೊಟ್ಟೆ ಕೊಯ್ದು ಮೇವು, ತಂತಿ, ಪ್ಲಾಸ್ಟಿಕ್ಕು ಎಲ್ಲ ತೆಗೆಯುತ್ತಾರೆ. ಒಂದೆರಡು ದಿನ ಬಿಟ್ಟು ಪೂರ್ತಿ ಪ್ರಜ್ಞೆ ತಪ್ಪಿಸಿ ಅಂಗಾತ ಮಲಗಿಸುತ್ತಾರೆ. ಅಸಲು ಗಂಡಾಂತರ ಇಲ್ಲಿದೆ.

ಎದೆಯ ಗೂಡು ಮುಚ್ಚಿದ ಡಬ್ಬಿಯ ಹಾಗೆ. ಒಳಗೆ ಹೊರಗಿನ ಗಾಳಿ ಇಲ್ಲದ್ದರಿಂದಲೇ ಪುಪ್ಪುಸ ಅರಳಿರುತ್ತದೆ. ವಪೆಯ ತೂತಿಗೆ ಅಡ್ಡವಾಗಿದ್ದ ಹೊಟ್ಟೆಯನ್ನು ಹಿಂದಕ್ಕೆಳೆದ ಕ್ಷಣ ಗಾಳಿ ಎದೆಗೆ ನುಗ್ಗುತ್ತದೆ. ಪುಪ್ಪುಸ ಬಲೂನಿನಂತೆ ಕುಗ್ಗುತ್ತದೆ. ಎಮ್ಮೆ ಎಷ್ಟು ಏದುಸಿರು ಬಿಟ್ಟರೂ ಗಾಳಿ ಒಳಗಿಳಿಯದು. ಆಗ ಬೇರೆಯವರು ಉಸಿರು ಕೊಡಬೇಕು.

ಅದಕ್ಕೇ ಮೊದಲೇ ಕೊಳವೆ ಇಳಿಸಿರುತ್ತಾರೆ. ಎಮ್ಮೆಗೆ ಬಾಯಿ ಉದ್ದ, ತೆರೆಯುವುದು ಕಡಿಮೆ. ಡಾಕ್ಟರು ಮೊಳಕೈವರೆಗೂ ಒಳಗೆ ತೂರಿಸಿ, ಬೆರಳಲ್ಲೇ ತಡಕಿ, ಹೆಬ್ಬೆರಳು ಗಾತ್ರದ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ಅದರ ಸುತ್ತ ಪುಟ್ಟ ಗಾಳಿಪಟ್ಟಿ ಉಬ್ಬಿಸದಿದ್ದರೆ ಜೊಲ್ಲು, ಮೆಲುಕಿನ ನೀರು ಪುಪ್ಪುಸಕ್ಕೆ ಇಳಿದು ಹೊಲಿಗೆ ಗೆದ್ದರೂ ಎಮ್ಮೆ ಉಳಿಯದು.

ಇನ್ನು ರಬ್ಬರ್ ಚೀಲ ಒತ್ತುವ ಕೆಲಸ. ಮನುಷ್ಯನಿಗೆ ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿ ಸಾಕು. 400 ಕಿಲೋ ಎಮ್ಮೆಗೆ ಸುಮಾರು 4 ಲೀಟರ್ ಬೇಕು, ನಿಮಿಷಕ್ಕೆ ಆರರಿಂದ ಹತ್ತು ಸಲ. ಯಂತ್ರವಿದ್ದರೆ ಗಾಜಿನ ಡಬ್ಬಿಯೊಳಗಿನ ತಿದಿ ತಾನೇ ಏರಿಳಿಯುತ್ತದೆ. ಇಲ್ಲದ ಕಡೆ, ಕರೆಂಟು ಹೋದ ಕಡೆ, ಕೈಯೇ ತಿದಿ. ಗಂಟೆಗಟ್ಟಲೆ ಒತ್ತಿದವರ ರಟ್ಟೆ ಬಿದ್ದುಹೋಗುತ್ತದೆ. ಪೇಪರಿನಲ್ಲಿ ಫೋಟೋ ಬರುವುದು ಮಾತ್ರ ಕತ್ತರಿ ಹಿಡಿದವರದು. ಜೋರಾಗಿ ಒತ್ತಿದರೂ ಕಷ್ಟ: ಗಾಳಿಯ ಗೂಡುಗಳು ಒಡೆಯುತ್ತವೆ, ಗುಂಡಿಗೆಗೆ ಮರಳುವ ರಕ್ತ ತಡೆದು ಬಿ.ಪಿ. ಕುಸಿಯುತ್ತದೆ.

ವಿದ್ಯೆ ಹೊಸದೇನಲ್ಲ. 1667ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿ ಎದುರು ರಾಬರ್ಟ್ ಹುಕ್ ಎಂಬಾತ ಎದೆ ತೆರೆದ ನಾಯಿಗೆ ತಿದಿಯಿಂದ ಗಾಳಿ ಊದಿ ಜೀವ ಹಿಡಿದಿದ್ದ. ನಾಯಿಗೆ ಅರಿವಳಿಕೆ ಕೊಟ್ಟಿದ್ದರೇ ಎಂದು ಕೇಳಬೇಡಿ, ಆ ಕಾಲಕ್ಕೆ ಅದಿನ್ನೂ ಹುಟ್ಟಿರಲಿಲ್ಲ.

ಕೊನೆಯ ಹೊಲಿಗೆ ಬಿಗಿಯುವಾಗ ಚೀಲ ಒತ್ತಿ ಪುಪ್ಪುಸ ಪೂರ್ತಿ ಅರಳಿಸಿ ಹಿಡಿಯುತ್ತಾರೆ, ಎದೆಯಲ್ಲಿ ನಿಂತ ಗಾಳಿ ಹೊರಬೀಳಲಿ ಅಂತ. ಉಳಿದದ್ದನ್ನು ಸೂಜಿ ಹಾಕಿ ಎಳೆಯುತ್ತಾರೆ. ಬಳಿಕ ಒತ್ತುವುದನ್ನು ಮೆಲ್ಲಗೆ ಕಡಿಮೆ ಮಾಡುತ್ತಾ ಕಾಯಬೇಕು. ರಕ್ತದಲ್ಲಿ ಇಂಗಾಲಾಮ್ಲ ಏರಿದಾಗ ಮೆದುಳಿಗೆ ಉಸಿರಾಟದ ನೆನಪಾಗುತ್ತದೆ. ಚೀಲ ತಾನಾಗಿ ಒಮ್ಮೆ ಅಲುಗುತ್ತದೆ, ಇನ್ನೊಮ್ಮೆ ಅಲುಗುತ್ತದೆ. ಎಮ್ಮೆಯನ್ನು ಎದೆಯ ಮೇಲೆ ಕೂರಿಸುತ್ತಾರೆ. ಅದು ಗುಟುಕರಿಸಿ ಕೊಳವೆಯನ್ನು ಅಗಿಯತೊಡಗಿದ ಮೇಲೇ ಹೊರಗೆಳೆಯುವುದು.