ಚೆಂಡು ತರಲೊಲ್ಲದ ನಾಯಿ

ಬೆಂಗಳೂರಿನ ಮಹದೇವಪುರದ ಯಾವುದೇ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ನಿಂತರೆ ಎರಡು ಬಗೆಯ ನಾಯಿಗಳು ಕಣ್ಣಿಗೆ ಬೀಳುತ್ತವೆ. ಚೆಂಡು ಯಜಮಾನನ ಕೈಬಿಡುವ ಮೊದಲೇ ಓಟ ಕಿತ್ತು, ಅದನ್ನು ಬಾಯಲ್ಲಿ ಕಚ್ಚಿ ತಂದು, ಕಾಲ ಬಳಿ ಹಾಕಿ, ‘ಇನ್ನೊಂದ್ಸಲ’ ಎಂಬಂತೆ ಮುಖ ನೋಡುವ ಲ್ಯಾಬ್ರಡಾರ್ ಒಂದು ಬಗೆ. ಚೆಂಡು ಹೋದ ದಿಕ್ಕನ್ನೊಮ್ಮೆ, ಎಸೆದವರ ಮುಖವನ್ನೊಮ್ಮೆ ನೋಡಿ, ಅಲ್ಲೇ ಕುಕ್ಕರಿಸಿ ಕಿವಿ ಕೆರೆದುಕೊಳ್ಳುವ ನಾಯಿ ಇನ್ನೊಂದು. ಎಸೆದವರೇ ಹೋಗಿ ಚೆಂಡು ಹೆಕ್ಕಿಕೊಂಡು ಬರಬೇಕು. ಈ ಎರಡನೆಯದು ಬೀದಿಯಿಂದ ತಂದು ಸಾಕಿದ ನಾಡನಾಯಿಯೋ ಮುಧೋಳ ತಳಿಯದೋ ಆಗಿದ್ದರೆ ಆಶ್ಚರ್ಯವಿಲ್ಲ. “ನಿಮ್ದಕ್ಕೆ ಬುದ್ಧಿ ಸ್ವಲ್ಪ ಕಮ್ಮಿ ಕಣ್ರೀ” ಎಂದು ಪಕ್ಕದ ಫ್ಲ್ಯಾಟಿನವರು ತೀರ್ಪನ್ನೂ ಕೊಟ್ಟುಬಿಡುತ್ತಾರೆ. ಆ ತೀರ್ಪು ನಿಲ್ಲುವುದಿಲ್ಲ. ಚೆಂಡು ತರುವುದಕ್ಕೂ ಬುದ್ಧಿಗೂ ಇರುವ ನಂಟು ಕಡಿಮೆ. ಆ ನಾಯಿಯ ಪೂರ್ವಜರು ಯಾವ ಕಸುಬು ಮಾಡುತ್ತಿದ್ದರು ಎಂಬುದಕ್ಕೂ ಅದಕ್ಕೂ ಇರುವ ನಂಟು ದೊಡ್ಡದು.

ತೋಳ ಬೇಟೆಯಾಡುವ ಬಗೆಯನ್ನು ಪ್ರಾಣಿವರ್ತನೆಯ ವಿಜ್ಞಾನಿಗಳು ಹಂತಹಂತವಾಗಿ ಬಿಡಿಸಿ ನೋಡಿದ್ದಾರೆ. ಬೇಟೆಯ ಸುಳಿವು ಹಿಡಿಯುವುದು, ದಿಟ್ಟಿಸುವುದು, ಹೊಂಚುತ್ತ ಹತ್ತಿರವಾಗುವುದು, ಅಟ್ಟಿಸಿಕೊಂಡು ಹೋಗುವುದು, ಕಚ್ಚಿ ಹಿಡಿಯುವುದು, ಕಚ್ಚಿ ಕೊಲ್ಲುವುದು, ಸೀಳುವುದು, ತಿನ್ನುವುದು. ಅಮೆರಿಕದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 2001ರಲ್ಲಿ ಹೊರತಂದ ನಾಯಿಗಳ ಕುರಿತ ಪುಸ್ತಕದಲ್ಲಿ ಇದನ್ನೇ ಮುಂದಿಟ್ಟುಕೊಂಡು ತಳಿಗಳ ವ್ಯತ್ಯಾಸವನ್ನು ವಿವರಿಸಿದರು. ಮನುಷ್ಯ ಈ ಸಾಲಿನ ಕೆಲವು ಹಂತಗಳನ್ನು ಹಿಗ್ಗಿಸಿದ, ಕೆಲವನ್ನು ಕುಗ್ಗಿಸಿದ, ತಳಿಗಳು ಹುಟ್ಟಿದವು. ಕುರಿ ತರುಬುವ ಬಾರ್ಡರ್ ಕೋಲಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ವಿಪರೀತ ಬೆಳೆದಿವೆ. ಕಚ್ಚಿ ಕೊಲ್ಲುವುದು ಅಡಗಿದೆ. ಹಿಂಡು ಕಾಯುವ ನಾಯಿಗಳಲ್ಲಂತೂ ಇಡೀ ಸಾಲೇ ಮಂಕಾಗಿರುತ್ತದೆ. ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಚೆಂಡಿನಾಟಕ್ಕೆ ಬೇಕಾದ ಜೋಡಣೆ ಬೇರೆ. ಅಟ್ಟಬೇಕು, ಕಚ್ಚಿ ಹಿಡಿಯಬೇಕು, ಅಲ್ಲಿಗೇ ಹಲ್ಲು ಬಿಗಿಯುವುದನ್ನು ನಿಲ್ಲಿಸಬೇಕು, ಹೊತ್ತು ತಂದು ಒಪ್ಪಿಸಬೇಕು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ನೀರಿಗಿಳಿದು ದುಡಿಯುತ್ತಿದ್ದ ನಾಯಿಗಳು 19ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದವು. ಕೋವಿಯಿಂದ ಹೊಡೆದುರುಳಿಸಿದ ಹಕ್ಕಿಯನ್ನು ಜಜ್ಜದೆ ತಂದುಕೊಡುವ ನಾಯಿ ಅಲ್ಲಿನ ಜಮೀನ್ದಾರರಿಗೆ ಬೇಕಾಗಿತ್ತು. ತಂದುಕೊಟ್ಟವನ್ನೇ ತಳಿಗೆ ಬಿಟ್ಟರು, ಹಕ್ಕಿಯನ್ನು ಅಗಿದು ನುಂಗಿದವನ್ನು ಬಿಡಲಿಲ್ಲ. ಲ್ಯಾಬ್ರಡಾರ್ ಬೆಳೆದುಬಂದದ್ದು ಹೀಗೆ. ಬ್ರಿಟನ್ನಿನ ಕೆನೆಲ್ ಕ್ಲಬ್ ಅದನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿದ್ದು 1903ರಲ್ಲಿ. ಹಾಗಾಗಿ ನಿಮ್ಮ ನೆರೆಯವರ ಲ್ಯಾಬ್ ಚೆಂಡು ತಂದರೆ ಅದರಲ್ಲಿ ಅವರ ತರಬೇತಿಯ ಪಾಲು ಎಷ್ಟೋ, ಒಂದು ಶತಮಾನಕ್ಕೂ ಮಿಕ್ಕಿದ ಆಯ್ಕೆಯ ಪಾಲು ಅದಕ್ಕಿಂತ ಹೆಚ್ಚು.

ಹಾಗಾದರೆ ತರುವ ಗುಣವನ್ನು ಪೂರ್ತಿ ಮನುಷ್ಯನೇ ಹುಟ್ಟಿಸಿದನೇ? ಇಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಎಂಟು ವಾರದ 13 ತೋಳದ ಮರಿಗಳ ಮುಂದೆ ಚೆಂಡು ಎಸೆದು ನೋಡಿದರು. ಎಸೆದವರು ಮರಿಗಳಿಗೆ ಅಪರಿಚಿತರು. ಮರಿಗಳಿಗೆ ಈ ಆಟವನ್ನು ಯಾರೂ ಕಲಿಸಿರಲಿಲ್ಲ. ಆದರೂ 3 ಮರಿಗಳು ಕರೆದಾಗ ಚೆಂಡು ಕಚ್ಚಿಕೊಂಡು ಬಂದವು. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಎರಡು ಸಂಗತಿ ಹೇಳುತ್ತದೆ. ಒಂದು, ತರುವ ಗುಣದ ಬೀಜ ನಾಯಿ ನಾಯಿಯಾಗುವ ಮೊದಲೇ ತೋಳದಲ್ಲಿತ್ತು. ಎರಡು, ಉಳಿದ 10 ಮರಿಗಳು ಚೆಂಡು ತರಲಿಲ್ಲ. ಆ ಲೆಕ್ಕದಲ್ಲಿ ಚೆಂಡು ತರದಿರುವುದೇ ಹಳೆಯ, ಸಹಜವಾದ ಸ್ಥಿತಿ.

ಕನ್ನಡನಾಡಿನ ನಾಯಿಗಳಿಗೆ ನಾವು ಒಪ್ಪಿಸಿದ ಕಸುಬು ಬೇರೆಯೇ ಇತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಗಂಗರ ದೊರೆ ಬೂತುಗನ ಆಳು ಮಣಲೆರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಲ್ಲಿ ಬೇಡಿ ಪಡೆದದ್ದು ಈ ನಾಯಿಯನ್ನು. ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದಿತು, ಎರಡೂ ಕಾದಾಡಿ ಸತ್ತವು, ನಾಯಿಗೊಂದು ಕಲ್ಲು ನಿಂತಿತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿ ಮತ್ತು ಹಂದಿ ಸೆಣಸುವ ಚಿತ್ರವೂ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದೂ ಇದೇ ಜಾಡು. ನೀಳ ಕಾಲು, ಆಳದ ಎದೆ, ದೂರದ ಚಲನೆಯನ್ನು ಹಿಡಿಯುವ ಕಣ್ಣು. ಮೊಲವನ್ನು ಕಂಡೊಡನೆ ಅಟ್ಟಿ ಹಿಡಿಯುವುದಕ್ಕೆಂದೇ ಹದಗೊಂಡ ದೇಹ. ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರವೂ ಇದೆ. ಅಟ್ಟುವುದರಲ್ಲಿ ಇದನ್ನು ಮೀರಿಸುವವರು ಕಡಿಮೆ. ಆದರೆ ಚೆಂಡು ನಿಂತ ಕ್ಷಣಕ್ಕೆ ಮುಧೋಳದ ಪಾಲಿಗೆ ಬೇಟೆಯೂ ನಿಂತಿತು. ಓಡದ ಮೊಲ ಮೊಲವೇ ಅಲ್ಲ.

ಇನ್ನು ನಾಡನಾಯಿ. 2023ರಲ್ಲಿ ಬಿಬಿಎಂಪಿ ನಡೆಸಿದ ಎಣಿಕೆಯಲ್ಲಿ ಬೆಂಗಳೂರಿನ ಬೀದಿ ನಾಯಿಗಳ ಅಂದಾಜು 2,79,335. ಎಂಟು ವಲಯಗಳ ಪೈಕಿ ಅತಿ ಹೆಚ್ಚು ಇದ್ದದ್ದು ಮಹದೇವಪುರದಲ್ಲಿ: 58,371. ಹೂಡಿ, ಗರುಡಾಚಾರ್‌ಪಾಳ್ಯದ ಟೀ ಅಂಗಡಿಗಳ ಮುಂದೆ, ಕಾರ್ಖಾನೆ ಗೇಟುಗಳ ನೆರಳಲ್ಲಿ, ಟೆಕ್ ಪಾರ್ಕುಗಳ ಬೇಲಿಯಾಚೆ ಬದುಕುವ ಈ ನಾಯಿಗಳನ್ನು ಯಾರೂ ಯಾವ ಕಸುಬಿಗೂ ಆಯ್ದು ಬೆಳೆಸಿಲ್ಲ. ಇವುಗಳ ಹೊಟ್ಟೆಪಾಡು ನಡೆಯುವುದು ಬೇಟೆಯಿಂದಲ್ಲ, ಮೂಗಿನಿಂದ ಮತ್ತು ಮನುಷ್ಯರನ್ನು ಅಳೆಯುವ ಜಾಣ್ಮೆಯಿಂದ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿ ನಾಯಿಗಳ ಮುಂದೆ ಮುಚ್ಚಿದ ಎರಡು ಬಟ್ಟಲಿಟ್ಟು ಒಂದರತ್ತ ಕೈ ತೋರಿಸಿ ನೋಡಿತು. ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಸುಳಿಯಲಿಲ್ಲ. ಬಂದವುಗಳಲ್ಲಿ ಸುಮಾರು ನೂರಕ್ಕೆ 80 ನಾಯಿಗಳು ಯಾವ ತರಬೇತಿಯೂ ಇಲ್ಲದೆ ತೋರಿಸಿದ ಬಟ್ಟಲಿಗೇ ಹೋದವು. ನಮ್ಮ ಕೈಸನ್ನೆ ಅವಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ಅಡ್ಡ ಬರುವುದು ಅಂಜಿಕೆ. ಬೀದಿಯಲ್ಲಿ ಕೈ ಬೀಸಿ ಏನನ್ನಾದರೂ ಎಸೆಯುವವರು ಸಾಮಾನ್ಯವಾಗಿ ಎಸೆಯುವುದು ಕಲ್ಲನ್ನು ಎಂಬುದನ್ನೂ ಮರೆಯಬಾರದು.

ಕೊರತೆಯಿರುವ ಹಂತವನ್ನು ಕಲಿಸಿ ತುಂಬಬಹುದೇ? ಬಹುಮಟ್ಟಿಗೆ ಹೌದು, ಆದರೆ ಮಿತಿಯಿದೆ. ವರ್ತನಾ ವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ ಪ್ರಾಣಿಗಳಿಗೆ ಆಟ ಕಲಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದವರು. ಮರದ ದೊಡ್ಡ ನಾಣ್ಯವನ್ನು ಬಾಯಲ್ಲಿ ಹೊತ್ತು ತಂದು ಹುಂಡಿಗೆ ಹಾಕುವುದನ್ನು ಅವರು ಹಂದಿಗೆ ಕಲಿಸಿದರು. ಹಂದಿ ಚಕಚಕ ಕಲಿಯಿತು. ವಾರಗಳು ಕಳೆದಂತೆ ದಾರಿಯಲ್ಲಿ ನಾಣ್ಯ ಬೀಳಿಸಿ, ಮೂತಿಯಿಂದ ನೆಲ ಕೆದಕಿದಂತೆ ಅದನ್ನು ಉರುಳಿಸುತ್ತ ಹೊತ್ತು ಕಳೆಯತೊಡಗಿತು. ಹಸಿವು ಹೆಚ್ಚಾದಷ್ಟೂ ಈ ಚಾಳಿ ಜೋರಾಯಿತು. ಕಲಿಸಿದ ವಿದ್ಯೆ ಹುಟ್ಟುಗುಣದ ಕಡೆಗೆ ಜಾರುತ್ತದೆ ಎಂದು 1961ರಲ್ಲಿ ಅವರು ಬರೆದ ಲೇಖನ ಇಂದಿಗೂ ಪ್ರಾಣಿ ತರಬೇತುದಾರರ ಓದಿನಲ್ಲಿದೆ. ತರುವ ಆಟವನ್ನು ಯಾವ ನಾಯಿಗೂ ಕಲಿಸಬಹುದು. ಅದರಲ್ಲಿ ಲ್ಯಾಬ್ರಡಾರಿಗೆ ಸಿಗುವ ಖುಷಿಯನ್ನು ಕಲಿಸಲಾಗದು.

ಕಲಿಸುವ ಕ್ರಮದಲ್ಲಿ ನಾವು ಎಡವುವುದು ಮೊದಲ ಹೆಜ್ಜೆಯಲ್ಲೇ. ಎಸೆಯುವುದರಿಂದ ಶುರುಮಾಡುತ್ತೇವೆ. ತಿಳಿದ ತರಬೇತುದಾರರು ಕೊನೆಯಿಂದ ಶುರುಮಾಡುತ್ತಾರೆ: ಚೆಂಡನ್ನು ಕೈಗೆ ಒಪ್ಪಿಸುವುದೇ ಮೊದಲ ಪಾಠ. ಹಾಗೆ ಮಾಡಿದಾಗ ನಾಯಿ ಪ್ರತಿಸಲವೂ ಗೊತ್ತಿಲ್ಲದ ಹಂತದಿಂದ ಚೆನ್ನಾಗಿ ಗೊತ್ತಿರುವ, ಬಹುಮಾನ ಖಾತ್ರಿಯಿರುವ ಹಂತದತ್ತ ಸಾಗುತ್ತದೆ.

ನೆಲದ ಮೇಲೆ ನಾಯಿಯ ಪಕ್ಕ ಕುಳಿತುಕೊಳ್ಳಿ. ಒಂದು ಕೈಯಲ್ಲಿ ಮೆತ್ತನೆಯ ಆಟಿಕೆ, ಬೆನ್ನ ಹಿಂದಿನ ಬಟ್ಟಲಲ್ಲಿ ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಚೂರುಗಳು. ನಾಯಿ ಆಟಿಕೆಯತ್ತ ಮೂಗು ಚಾಚಿದ ಕ್ಷಣವೇ ‘ಶಭಾಷ್’ ಎನ್ನಿ, ಒಂದು ಚೂರು ಕೊಡಿ. ಮೂಗು ತಾಗಿಸುವುದು ಖಾತ್ರಿಯಾದ ಮೇಲೆ ಬಾಯಿ ತೆರೆಯುವವರೆಗೆ ಕಾಯಿರಿ. ಆಮೇಲೆ ಹಲ್ಲಲ್ಲಿ ಹಿಡಿಯುವವರೆಗೆ. ಹಿಡಿದು ಒಂದು ಗಳಿಗೆ ನಿಂತಿತೆಂದರೆ ಆಟಿಕೆಯ ಕೆಳಗೆ ಅಂಗೈ ಒಡ್ಡಿ ‘ಬಿಡು’ ಎಂದು ಕೋಳಿಯ ಚೂರನ್ನು ಮೂಗಿನ ಬಳಿ ತನ್ನಿ. ಬಾಯಿ ಸಡಿಲವಾಗಿ ಆಟಿಕೆ ಅಂಗೈಗೆ ಬೀಳುತ್ತದೆ. ಆಟಿಕೆಯನ್ನು ಕಿತ್ತುಕೊಳ್ಳಬೇಡಿ. ಕೊಟ್ಟದ್ದಕ್ಕೆ ಬದಲು ಇನ್ನೊಂದು ಸಿಗುತ್ತದೆ, ಕೊಟ್ಟ ವಸ್ತುವೂ ಮತ್ತೆ ಆಟಕ್ಕೆ ಬರುತ್ತದೆ ಎಂಬ ನಂಬಿಕೆ ಬಂದ ನಾಯಿಯೇ ಮುಂದೆ ದೂರದಿಂದ ಹೊತ್ತು ತರುವುದು. ಅಂಗೈಗೆ ಬೀಳಿಸುವುದು ರೂಢಿಯಾದ ಮೇಲೆ ಆಟಿಕೆಯನ್ನು ಒಂದು ಗೇಣು ದೂರ ಇಡಿ, ಆಮೇಲೆ ಒಂದು ಮಾರು. ಎಸೆಯುವುದು ಕಟ್ಟಕಡೆಯ ಪಾಠ.

‘ಶಭಾಷ್’ ಬೀಳಬೇಕಾದ ಹೊತ್ತು ಬಹಳ ಮುಖ್ಯ. ತಿಂಗಳ ದುಡಿಮೆಗೆ ತಿಂಗಳ ಕೊನೆಯಲ್ಲಿ ಸಂಬಳ ಬಂದರೆ ಯಾತಕ್ಕೆ ಬಂತೆಂದು ನಮಗೆ ಗೊತ್ತಿರುತ್ತದೆ. ನಾಯಿಗೆ ಎರಡು ಮೂರು ಸೆಕೆಂಡು ತಡವಾದರೂ ಲೆಕ್ಕ ತಪ್ಪುತ್ತದೆ. ಅಷ್ಟರಲ್ಲಿ ಅದು ಆಟಿಕೆ ಬಿಟ್ಟು ಕಾಗೆ ನೋಡುತ್ತಿದ್ದರೆ, ಕೋಳಿ ಸಿಕ್ಕಿದ್ದು ಕಾಗೆ ನೋಡಿದ್ದಕ್ಕೆ! ಈ ಕಾರಣಕ್ಕೇ ಸ್ಕಿನ್ನರ್ 1951ರ ಒಂದು ಜನಪ್ರಿಯ ಲೇಖನದಲ್ಲಿ ಕ್ಲಿಕ್ ಎಂದು ಸದ್ದು ಮಾಡುವ ಮಕ್ಕಳ ಆಟಿಕೆಯನ್ನು ಬಳಸಿ ಎಂದಿದ್ದರು. ಇಂದಿನ ಕ್ಲಿಕ್ಕರ್ ತರಬೇತಿಯ ಬೇರು ಅಲ್ಲಿದೆ. ಇನ್ನು ಯಾವ ಬಹುಮಾನ ಎಂಬುದನ್ನು ತೀರ್ಮಾನಿಸುವುದು ನಾಯಿ. ಲ್ಯಾಬ್ರಡಾರುಗಳಲ್ಲಿ ಸುಮಾರು ಕಾಲು ಭಾಗದಷ್ಟಕ್ಕೆ ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಮಂಕಾಗಿಸುವ ಜೀನ್ ದೋಷವಿದೆ ಎಂದು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ಕಂಡುಕೊಂಡರು. ಅಂಥ ನಾಯಿ ಒಣ ಬಿಸ್ಕತ್ತಿಗೂ ದುಡಿಯುತ್ತದೆ. ಬೀದಿ ನಾಯಿಗಳ ವಿಷಯದಲ್ಲಿ ಐಸರ್ ತಂಡ 2017ರಲ್ಲಿ ಕಂಡದ್ದೇ ಬೇರೆ. ಅಪರಿಚಿತರಿಂದ ಪದೇಪದೇ ತಿಂಡಿ ಪಡೆದ ನಾಯಿಗಳಿಗಿಂತ, ಪದೇಪದೇ ತಲೆ ಸವರಿಸಿಕೊಂಡ ನಾಯಿಗಳೇ ಅವರನ್ನು ಹೆಚ್ಚು ಹಚ್ಚಿಕೊಂಡವು.

ಕೆಲವು ನಾಯಿಗಳು ಚೆಂಡನ್ನು ಹಿಡಿಯುತ್ತವೆ, ಹತ್ತು ಹೆಜ್ಜೆ ದೂರಕ್ಕೆ ಬರುತ್ತವೆ, ಮುಂಗಾಲು ಚಾಚಿ ಹಿಂಭಾಗ ಎತ್ತಿ ಓರೆಗಣ್ಣಲ್ಲಿ ನೋಡುತ್ತವೆ. ನೀವು ಒಂದು ಹೆಜ್ಜೆ ಮುಂದಿಟ್ಟರೆ ಪರಾರಿ. ಅದು ಮೊಂಡುತನವಲ್ಲ, ನೀವೇ ಕಲಿಸಿದ ಇನ್ನೊಂದು ಆಟ: ‘ಹಿಡಿ ನೋಡೋಣ’. ಬೆನ್ನಟ್ಟುವುದನ್ನು ನಿಲ್ಲಿಸಿ, ನಾಯಿಗೆ ಬೆನ್ನು ಹಾಕಿ ಆಚೆ ನಡೆಯಿರಿ; ಆಗ ಅದು ನಿಮ್ಮನ್ನು ಅಟ್ಟಿಕೊಂಡು ಬರುತ್ತದೆ. ಜೇಬಿನಲ್ಲಿ ಅಂಥದೇ ಎರಡನೆಯ ಚೆಂಡಿರಲಿ. ಮೊದಲನೆಯದನ್ನು ಬಿಟ್ಟ ತಕ್ಷಣ ಎರಡನೆಯದು ಹಾರಲಿ.

ಚೆಂಡಿನ ಬಣ್ಣವನ್ನೂ ನೋಡಿ ಕೊಳ್ಳಬೇಕು. ನಾಯಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮ್ಮಲ್ಲಿ ಮೂರು. ನೀಲಿ, ಹಳದಿ ಅದಕ್ಕೆ ಸ್ಪಷ್ಟ. ಕೆಂಪು ಮತ್ತು ಹಸಿರಿನ ನಡುವೆ ಗೊಂದಲ. ಹುಲ್ಲುಹಾಸಿನ ಮೇಲೆ ಕೆಂಪು ಚೆಂಡೆಸೆದು ‘ಕಾಣಿಸಲ್ವೇನೋ’ ಎಂದು ಗದರಿದರೆ, ನಿಜವಾಗಿಯೂ ಸರಿಯಾಗಿ ಕಾಣಿಸುತ್ತಿರುವುದಿಲ್ಲ. ಚೆಂಡು ಗಂಟಲಿಗೆ ಜಾರುವಷ್ಟು ಸಣ್ಣದಿರಬಾರದು. ಕಡ್ಡಿ ಎಸೆಯಬೇಡಿ, ಬಾಯಿ ಗಂಟಲಿಗೆ ಚುಚ್ಚಿ ಗಾಯವಾಗುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನ ನುಣುಪು ನೆಲದಲ್ಲಿ ಓಡಿಸಿದರೆ ಕೀಲುಗಳಿಗೆ ಪೆಟ್ಟು. ಗೇಟಿನ ಬಳಿ ಎಸೆದರೆ ನೀರಿನ ಟ್ಯಾಂಕರಿನ ಭಯ. ನಾಯಿ ಮೈಯ ಕಾವು ಕಳೆದುಕೊಳ್ಳುವುದು ಬಹುಪಾಲು ನಾಲಿಗೆ ಚಾಚಿ ತೇಕುವುದರಿಂದ. ಹಾಗಾಗಿ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಆಟ ಮುಗಿಯಬೇಕು. ನಿನ್ನೆಯವರೆಗೆ ಚೆಂಡು ತರುತ್ತಿದ್ದ ನಾಯಿ ಇಂದು ಒಲ್ಲೆ ಎಂದರೆ ಹಲ್ಲು, ವಸಡು, ಸೊಂಟದ ನೋವಿರಬಹುದು. ಆಗ ಬೇಕಾದದ್ದು ಪಶುವೈದ್ಯರು, ತರಬೇತುದಾರರಲ್ಲ.

ಇಷ್ಟೆಲ್ಲ ಮಾಡಿಯೂ ನಿಮ್ಮ ನಾಯಿಗೆ ಈ ಆಟ ಹಿಡಿಸದಿದ್ದರೆ ಬಿಟ್ಟುಬಿಡಿ. ನಾಡನಾಯಿಯಾದರೆ ತಿಂಡಿಯ ಚೂರುಗಳನ್ನು ಹಳೆ ಟವೆಲ್ಲಿನ ಮಡಿಕೆಗಳಲ್ಲಿ, ರಟ್ಟಿನ ಡಬ್ಬಿಗಳಲ್ಲಿ ಬಚ್ಚಿಟ್ಟು ಹುಡುಕಲು ಬಿಡಿ. ಮೂಗಿನ ಕೆಲಸ ಅದಕ್ಕೆ ಓಟದಷ್ಟೇ ಖುಷಿ ಕೊಡುತ್ತದೆ. ಮುಧೋಳವಾದರೆ ಸುತ್ತ ಬೇಲಿಯಿರುವ ಬಯಲಿನಲ್ಲಿ ಹಗ್ಗದ ತುದಿಗೆ ಬಟ್ಟೆ ಕಟ್ಟಿ ಎಳೆಯಿರಿ. ಅಟ್ಟುವ ಆಸೆ ತೀರುತ್ತದೆ. ಮರಿ ತರುವ ಮೊದಲೇ ಅದರ ತಳಿಗೆ ಯಾವ ಕಸುಬು ರಕ್ತದಲ್ಲಿದೆ ಎಂದು ತಿಳಿದುಕೊಳ್ಳುವುದು ಇನ್ನೂ ಒಳ್ಳೆಯದು. ಚೆಂಡು ತರುವ ನಾಯಿಯೇ ಬೇಕೆಂದು ಹಟವಿದ್ದವರು, ಚೆಂಡು ತರದ ನಾಯಿಯನ್ನು ತಂದು ಅದನ್ನು ದಡ್ಡನೆಂದು ಕರೆಯಬಾರದು.