ನಳ ಬರುವ ಮೊದಲು

ನಮ್ಮೂರು ಯಾಪಲದಿನ್ನಿ. ತೆಲುಗಿನ ಆಡುಮಾತಿನಲ್ಲಿ ಯಾಪ ಎಂದರೆ ಬೇವು, ದಿನ್ನಿ ಎಂದರೆ ದಿಬ್ಬ. ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆದರೂ ಬ್ಯಾಸಗಿ ಬಂತೆಂದರೆ ಕೊಡ ಹಿಡಿದು ಕಾಯುವುದು ತಪ್ಪಿದ್ದಲ್ಲ. 42ನೇ ಕೀರ್ತನೆಯ ಬಾಯಾರಿದ ಜಿಂಕೆಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವ್ವ ತೀರಿಕೊಂಡ ವರ್ಷ ನನ್ನ ಪ್ರಾರ್ಥನೆ ಒಣಗಿತು. ಭಾನುವಾರ ಆರಾಧನೆಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ. ಅಕ್ಕಪಕ್ಕದವರು ಕಣ್ಣೊರೆಸಿಕೊಳ್ಳುವಾಗ ನಾನು ಫ್ಯಾನಿನ ರೆಕ್ಕೆ ನೋಡುತ್ತಿದ್ದೆ. ದೇವರು ಇಲ್ಲ ಅಂತಲ್ಲ. ನನ್ನ ಹತ್ತಿರ ಇಲ್ಲ ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು? ವಿಶ್ವಾಸ ಕಡಿಮೆಯಾಯಿತು ಅಂದುಬಿಟ್ಟರೆ!

ಕೊನೆಗೆ ಚಿಗವ್ವಗೆ ಹೇಳಿದೆ. ಜೋಳ ಹಸನು ಮಾಡುತ್ತಲೇ ಆಕೆ, “ಆ ಕೀರ್ತನಿ ಬರೆದಾತಗೂ ಹಂಗ ಆಗಿತ್ತಲ್ಲವ್ವ. ದೇವರ ಕೂಡ ಜಗಳಾನೇ ಆಡ್ಯಾನ. ನೀನೂ ಆಡು” ಅಂದಳು.

ಮತ್ತೆ ಓದಿದೆ. ನಿಜ. ಹಬ್ಬದ ಜನರೊಂದಿಗೆ ದೇವಾಲಯಕ್ಕೆ ಹೋಗುತ್ತಿದ್ದ ದಿನಗಳನ್ನು ನೆನೆದು ಆತ ಅಳುತ್ತಾನೆ, ನನ್ನನ್ನೇಕೆ ಮರೆತೆ ಎಂದು ದೇವರನ್ನೇ ಕೇಳುತ್ತಾನೆ. ತನ್ನ ಮನಸ್ಸಿಗೆ ತಾನೇ ಧೈರ್ಯ ಹೇಳಿಕೊಳ್ಳುವ ಪಲ್ಲವಿ 42 ಮತ್ತು 43ರಲ್ಲಿ ಸೇರಿ ಮೂರು ಸಲ ಬರುತ್ತದೆ. ಒಂದೇ ಸಲಕ್ಕೆ ಸಮಾಧಾನ ಆಗಿಲ್ಲ ಅಂತಾಯಿತಲ್ಲ! ಕೋಲ್ಕತ್ತದ ಮದರ್ ತೆರೇಸಾ ಕೂಡ ದಶಕಗಳ ಕಾಲ ಇಂಥದೇ ಕತ್ತಲಲ್ಲಿ ಪ್ರಾರ್ಥಿಸಿದ್ದರೆಂದು 2007ರಲ್ಲಿ ಅಚ್ಚಾದ ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತು.

ಈಗ ನಳ ಬರುವ ಮೊದಲೇ ಎದ್ದು ಕೂರುತ್ತೇನೆ. ಕೆಲವು ದಿನ ಬರೀ ಜಗಳ. ಹೋದ ವಾರ ಅವ್ವ ಹಾಡುತ್ತಿದ್ದ ತೆಲುಗು ಹಾಡು ತಾನಾಗಿ ಬಾಯಿಗೆ ಬಂತು. ಅರ್ಧಕ್ಕೆ ಗಂಟಲು ಕಟ್ಟಿತು, ಕಣ್ಣು ತುಂಬಿತು. ಅಷ್ಟರಲ್ಲಿ ನಳ ಬಂತು. ಕೊಡ ತಗೊಂಡು ಎದ್ದೆ.