ಒಂದೇ ತೂತು, ಹತ್ತು ಬೆಲೆ

ಮಾಂಟ್ ಕಿಯಾರಾದಲ್ಲಿ ಗೋಡೆಗೆ ತೂತು ಕೊರೆಯುವವರು ಮೊದಲು ಗಡಿಯಾರ ನೋಡಬೇಕು. ಕ್ವಾಲಾಲಂಪುರದ ವಾಯವ್ಯಕ್ಕಿರುವ ಈ ಬಡಾವಣೆ ಹೆಚ್ಚುಕಡಿಮೆ ಪೂರ್ತಿ ಮುಗಿಲೆತ್ತರದ ಕಾಂಡೊಮಿನಿಯಂಗಳದ್ದು. ‘ಕಾಂಡೊ ದೊರೆ’ ಎಂದೇ ಹೆಸರಾದ ಅಲನ್ ಟಾಂಗ್ ಅವರ ಸನ್‌ರೈಸ್ ಕಂಪನಿ 1990ರ ದಶಕದಿಂದ ಇಲ್ಲಿ ಒಂದೊಂದೇ ಕಟ್ಟಡ ಎಬ್ಬಿಸುತ್ತ ಹೋಯಿತು. ಇಂಟರ್‌ನ್ಯಾಷನಲ್ ಶಾಲೆಗಳು ಬಂದವು. ಅವುಗಳ ಬೆನ್ನಿಗೇ ಜಪಾನಿಗಳು, ಕೊರಿಯನ್ನರು, ಕೆಲಸದ ಮೇಲೆ ಬಂದ ನಮ್ಮ ಕನ್ನಡದ ಸಂಸಾರಗಳೂ ಬಂದವು. ಒಬ್ಬರ ಸೂರು ಇನ್ನೊಬ್ಬರ ನೆಲವಾಗಿರುವ ಕಡೆ ಡ್ರಿಲ್ ಸದ್ದು ಜಗಳಕ್ಕೆ ಬೀಜ. ಹಾಗಾಗಿ ಕಾಂಡೊ ಆಡಳಿತ ಕಚೇರಿಗಳು ಸಾಮಾನ್ಯವಾಗಿ ಅದಕ್ಕೆ ವಾರದ ದಿನಗಳ ಹಗಲು ಮತ್ತು ಶನಿವಾರದ ಬೆಳಗು ಬಿಟ್ಟುಕೊಡುತ್ತವೆ, ಭಾನುವಾರ ಅನುಮತಿಯಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಇಷ್ಟೆಲ್ಲ ದಾಟಿ ಟಿ.ವಿ., ಪರದೆಯ ಕಂಬಿ, ದೇವರ ಮಂಟಪ ತೂಗುಹಾಕಲು ಹೊರಟವರಿಗೆ ಎದುರಾಗುವ ಪ್ರಶ್ನೆ: ಯಾವ ಡ್ರಿಲ್ ಕೊಳ್ಳುವುದು?

ಹಾರ್ಡ್‌ವೇರ್ ಅಂಗಡಿಯ ಗೋಡೆಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಪಿಸ್ತೂಲಿನ ಆಕಾರ, ಬೆರಳಿಗೊಂದು ಗುಂಡಿ, ತುದಿಯಲ್ಲಿ ಕೊರೆಯುವ ಕಡ್ಡಿಯನ್ನು, ಅಂದರೆ ಬಿಟ್ಟನ್ನು, ಹಿಡಿಯುವ 13 ಮಿಲಿಮೀಟರಿನ ಚಕ್. ಈ ಆಕಾರಕ್ಕೆ ನೂರು ವರ್ಷ ದಾಟಿದೆ; ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿತ್ತು. ಆದರೆ ಒಂದರ ಚೀಟಿಯಲ್ಲಿ ನೂರು ರಿಂಗಿಟ್, ಪಕ್ಕದ್ದರಲ್ಲಿ ಸಾವಿರ. ಅದನ್ನು ರೂಪಾಯಿಗೆ ಲೆಕ್ಕ ಹಾಕಿದರೆ ಎದೆ ಧಸಕ್ಕೆನ್ನುತ್ತದೆ. ಟೌಕೆಯನ್ನು, ಅಂದರೆ ಅಂಗಡಿಯ ಯಜಮಾನನನ್ನು ಕೇಳಿದರೆ ಅವನು ಮರುಪ್ರಶ್ನೆ ಹಾಕುತ್ತಾನೆ: ಮನೆಗೋ, ಕೆಲಸಕ್ಕೋ? ಬೆಲೆಯ ರಹಸ್ಯ ಮುಕ್ಕಾಲು ಪಾಲು ಆ ಮರುಪ್ರಶ್ನೆಯಲ್ಲೇ ಇದೆ.

ಡಬ್ಬಿಯ ಮೇಲಿನ ಅಂಕಿಗಳನ್ನು ನಂಬಿ ಕೂತರೆ ಅದು ತಿಳಿಯುವುದಿಲ್ಲ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ‘98ವಿಎಫ್’, ‘198ವಿಎಫ್’ ಎಂದು ದಪ್ಪಕ್ಷರದಲ್ಲಿ ಬರೆದ ಡ್ರಿಲ್‌ಗಳು ಅಗ್ಗಕ್ಕೆ ಸಿಗುತ್ತವೆ. ಹೆಸರುವಾಸಿ ಕಂಪನಿಯದ್ದರ ಮೇಲೆ ಬರೀ 18 ವೋಲ್ಟ್ ಎಂದಿರುತ್ತದೆ. ಹತ್ತುಪಟ್ಟು ಶಕ್ತಿ, ಕಾಲುಭಾಗ ಬೆಲೆ! ಬಿಚ್ಚಿ ನೋಡಿದರೆ ಅಗ್ಗದ್ದರಲ್ಲೂ ಸಾಮಾನ್ಯವಾಗಿ ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳೇ. ಒಂದು ಸೆಲ್ಲಿಗೆ 3.6 ವೋಲ್ಟ್, ಐದಕ್ಕೆ 18. ‘ವಿ’ ಪಕ್ಕದ ‘ಎಫ್’ ಯಾವ ಅಳತೆಯೂ ಅಲ್ಲ. ಕೇಳಿದವರಿಗೆ ನಾವು ವೋಲ್ಟ್ ಎಂದು ಹೇಳಲೇ ಇಲ್ಲ ಎನ್ನಲು ಇಟ್ಟುಕೊಂಡ ಕಳ್ಳಕಿಂಡಿ. ದೊಡ್ಡವರೇನೂ ಪೂರಾ ಸಾಚಾ ಅಲ್ಲ. ಡಿವಾಲ್ಟ್‌ನ ‘20 ವೋಲ್ಟ್ ಮ್ಯಾಕ್ಸ್’ ಕೂಡ ಅದೇ ಐದು ಸೆಲ್ಲಿನದ್ದು. ಪೂರ್ತಿ ಚಾರ್ಜ್ ಆದ ಗಳಿಗೆಯಲ್ಲಿ ಸೆಲ್ಲು ತೋರುವ ಸುಮಾರು ನಾಲ್ಕು ವೋಲ್ಟನ್ನು ಐದರಿಂದ ಗುಣಿಸಿದ ಜಾಣತನ ಅದು.

ಹಾಗಾದರೆ ದುಡ್ಡು ಹೋಗುವುದೆಲ್ಲಿಗೆ? ನನ್ನ ಮಟ್ಟಿಗೆ ಉತ್ತರ ಒಂದೇ: ಬಿಸಿ ತಾಳುವುದಕ್ಕೆ. ಒಂದು ನಿಮಿಷ ತಿರುಗುವ ಮೋಟಾರನ್ನು ಯಾರು ಬೇಕಾದರೂ ಮಾಡಬಲ್ಲರು. ಕ್ವಾಲಾಲಂಪುರದ 33 ಡಿಗ್ರಿ ಮಧ್ಯಾಹ್ನದಲ್ಲಿ ದಿನಕ್ಕೆ ಆರು ತಾಸು, ವರ್ಷಗಟ್ಟಲೆ ತಿರುಗುವುದನ್ನು ಮಾಡುವುದು ಬೇರೆಯೇ ವಿದ್ಯೆ. ನಮ್ಮ ಅಡುಗೆಮನೆಯ ಮಿಕ್ಸಿಯಲ್ಲೂ ವೈರ್ ಡ್ರಿಲ್ಲಿನಲ್ಲೂ ಇರುವುದು ಒಂದೇ ಜಾತಿಯ ಮೋಟಾರು. ಉದ್ದಿನಬೇಳೆ ಗಟ್ಟಿಯಾಗಿ, ಮಿಕ್ಸಿ ಗೊರಗೊರ ಎಂದು ಸುಟ್ಟ ವಾಸನೆ ಬಂದಾಗ ಒಳಗೆ ಆಗುವುದೇ ಅಗ್ಗದ ಡ್ರಿಲ್ಲು ಕಾಂಕ್ರೀಟಿಗೆ ಒತ್ತಿದಾಗಲೂ ಆಗುತ್ತದೆ: ತಾಮ್ರದ ಸುರುಳಿಯ ಮೇಲಿನ ಅವಾಹಕ ಲೇಪ ಬೇಯತೊಡಗುತ್ತದೆ. ಆ ಲೇಪಗಳಿಗೆ ದರ್ಜೆಗಳಿವೆ. ಬಿ ದರ್ಜೆಯದು 130 ಡಿಗ್ರಿ ಸೆಲ್ಸಿಯಸ್‌ವರೆಗೆ, ಎಚ್ ದರ್ಜೆಯದು 180ರವರೆಗೆ ತಡೆಯುತ್ತದೆ. ಮಿತಿಗಿಂತ ಪ್ರತಿ ಹತ್ತು ಡಿಗ್ರಿ ಹೆಚ್ಚಾದಂತೆ ಲೇಪದ ಆಯಸ್ಸು ಅರ್ಧವಾಗುತ್ತದೆಂಬುದು ಮೋಟಾರು ಕಟ್ಟುವವರ ಹಳೆಯ ಲೆಕ್ಕ.

ಉಳಿದ ಭಾಗಗಳಲ್ಲೂ ಕಥೆ ಇದೇ. ಅಗ್ಗದ್ದರಲ್ಲಿ ದಂಡ ತಿರುಗುವುದು ಹಲವೊಮ್ಮೆ ಸಾದಾ ಬುಷ್‌ನಲ್ಲಿ. ದುಬಾರಿಯದರಲ್ಲಿ ದೂಳು ನುಗ್ಗದಂತೆ ಮುಚ್ಚಿದ ಬಾಲ್ ಬೇರಿಂಗ್. ಒಂದರ ಗೇರು ಲೋಹದ ಪುಡಿ ಒತ್ತಿ ಮಾಡಿದ್ದು, ಕೆಲವದರಲ್ಲಿ ಪ್ಲಾಸ್ಟಿಕ್ಕು. ಇನ್ನೊಂದರದ್ದು ಕಡೆದು ಹದ ಕೊಟ್ಟ ಉಕ್ಕು. ಗೇರಿನ ಗೂಡು ಲೋಹದ್ದಾದರೆ ಬಿಸಿ ಹೊರಗೆ ಹರಿಯುತ್ತದೆ. ತಿರುಗುವ ಭಾಗಕ್ಕೆ ಉಜ್ಜುತ್ತ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಾಗ ಹೊರಗಿನ ಮುಚ್ಚಳ ತಿರುಗಿಸಿ ಕೆಲವೇ ರಿಂಗಿಟ್‌ಗೆ ಹೊಸ ಜೋಡಿ ಹಾಕಬಹುದೇ, ಅಥವಾ ಇಡೀ ಯಂತ್ರವನ್ನೇ ಕಸಕ್ಕೆ ಎಸೆಯಬೇಕೇ? ಇದಂತೂ ಕೊಳ್ಳುವ ಮೊದಲೇ ಕೇಳಬೇಕಾದ ಮಾತು. ಬ್ರಷ್‌ಲೆಸ್ ಮೋಟಾರಿನಲ್ಲಿ ಆ ಉಜ್ಜಾಟವೇ ಇಲ್ಲ. ತಿರುಗುವ ಭಾಗದಲ್ಲಿ ಬಲವಾದ ಆಯಸ್ಕಾಂತ, ಸುರುಳಿಗಳಿಗೆ ವಿದ್ಯುತ್ತನ್ನು ಸರದಿಯಲ್ಲಿ ಹಂಚುವ ಎಲೆಕ್ಟ್ರಾನಿಕ್ ಹಲಗೆ. ಬಿಸಿ ಕಡಿಮೆ, ಒಂದೇ ಚಾರ್ಜಿನಲ್ಲಿ ಕೆಲಸ ಹೆಚ್ಚು. ಆಯಸ್ಕಾಂತ ಮತ್ತು ಹಲಗೆಯ ಖರ್ಚು ಬೆಲೆಗೆ ಸೇರುತ್ತದೆ.

ವೈರಿಲ್ಲದ ಡ್ರಿಲ್ಲಿನಲ್ಲಿ ದೊಡ್ಡ ಪಾಲು ನುಂಗುವುದು ಬ್ಯಾಟರಿ. ‘ಸೋಲೊ’ ಎಂದು ಬರೆದದ್ದರಲ್ಲಿ ಬರೀ ಯಂತ್ರ ಇರುತ್ತದೆ, ಬ್ಯಾಟರಿ ಚಾರ್ಜರ್ ಇರುವುದಿಲ್ಲ. ಮಕೀಟಾ ಕಂಪನಿಯವರು ಇದನ್ನು ಮಾದರಿ ಸಂಖ್ಯೆಯ ಕೊನೆಗೆ ‘ಝಡ್’ ಅಕ್ಷರ ಹಾಕಿ ಸೂಚಿಸುತ್ತಾರೆ. ಅದನ್ನು ಗಮನಿಸದೆ ‘ಅಲ್ಲಿ ಅರ್ಧ ಬೆಲೆಗೆ ಸಿಗುತ್ತಿತ್ತು’ ಎಂದು ಕೈಕೈ ಹಿಸುಕಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಒಮ್ಮೆ ಒಂದು ಕಂಪನಿಯ ಬ್ಯಾಟರಿ ಮನೆಗೆ ಬಂದರೆ ಮುಂದಿನ ಗರಗಸ, ಬ್ಲೋವರ್ ಎಲ್ಲವೂ ಅದೇ ಕಂಪನಿಯದಾಗಬೇಕು. ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಬ್ಯಾಟರಿಯಲ್ಲಿ ಗಿಟ್ಟಿಸಿಕೊಳ್ಳುವ ವ್ಯಾಪಾರ ಇದು. ಜರ್ಮನಿಯ ಮೆಟಾಬೊ 2018ರಲ್ಲಿ, ಬಾಷ್ 2022ರಲ್ಲಿ ಹಲವು ಕಂಪನಿಗಳಿಗೆ ಒಂದೇ ಬ್ಯಾಟರಿ ಒಗ್ಗುವ ಕೂಟ ಕಟ್ಟಿದವು. ಆದರೆ ಒಂದು ಕೂಟದ ಬ್ಯಾಟರಿ ಇನ್ನೊಂದಕ್ಕೆ ಕೂರದು. ನಕಲಿ ಬ್ಯಾಟರಿ ಹಿಡಿಯಲು ತಕ್ಕಡಿ ಸಾಕು. 18650 ಎಂಬ ಅಳತೆಯ ಸೆಲ್ ಒಂದಕ್ಕೆ 45 ಗ್ರಾಂ ಮೇಲಿರುತ್ತದೆ. 18 ವೋಲ್ಟಿನ, 5 ಆಂಪಿಯರ್-ಅವರ್ ಪೊಟ್ಟಣಕ್ಕೆ ಅಂಥವು ಹತ್ತು ಬೇಕು. ಕವಚ ಸೇರಿ 600 ಗ್ರಾಂ ಆಸುಪಾಸು ತೂಗಬೇಕಾದದ್ದು ಕೈಗೆ ಹಗುರವಾಗಿ ಬಂದರೆ ಒಳಗೆ ಅರ್ಧ ಗೂಡು ಖಾಲಿ ಎಂದೇ ಅರ್ಥ.

ಬಣ್ಣಗಳ ರಾಜಕೀಯವನ್ನೂ ಸ್ವಲ್ಪ ತಿಳಿದಿರಬೇಕು. ಬಾಷ್‌ನ ಹಸಿರು ಯಂತ್ರ ಮನೆಯವರಿಗೆ, ನೀಲಿ ಕಸುಬುದಾರರಿಗೆ. ಬ್ಲ್ಯಾಕ್ ಅಂಡ್ ಡೆಕರ್ ಎಂದರೆ ಮಿಕ್ಸಿ ಮಾಡುವವರು ಎಂದು ಅಮೆರಿಕದ ಬಡಗಿಗಳು ಮೂಗು ಮುರಿಯತೊಡಗಿದಾಗ ಕಂಪನಿ 1992ರಲ್ಲಿ, ತಾನು 1960ರಲ್ಲೇ ಕೊಂಡಿದ್ದ ಡಿವಾಲ್ಟ್ ಹೆಸರನ್ನು ಹಳದಿ ಬಣ್ಣದಲ್ಲಿ ಮತ್ತೆ ಕಣಕ್ಕಿಳಿಸಿತು. ಕೆಂಪು ಮಿಲ್ವಾಕಿ ಹಾಂಗ್‌ಕಾಂಗ್‌ನ ಟೆಕ್‌ಟ್ರಾನಿಕ್ ಇಂಡಸ್ಟ್ರೀಸ್‌ನ ಆಸ್ತಿ. ಕಡಿಮೆ ಬೆಲೆಯ ರಿಯೋಬಿ ಡ್ರಿಲ್ಲನ್ನು ಮಾಡುವುದೂ ಅದೇ. ಹಾಗೆಂದು ‘ಎಲ್ಲ ಒಂದೇ ಫ್ಯಾಕ್ಟರಿ ಮಾಲು, ಸ್ಟಿಕ್ಕರ್ ಬೇರೆ’ ಎನ್ನುವ ಪಂಡಿತರ ಮಾತು ಅರೆಸತ್ಯ. ಯಜಮಾನ ಒಬ್ಬನೇ ಇರಬಹುದು, ಆದರೆ ಒಳಗಿನ ಬೇರಿಂಗು, ಗೇರು, ಪರೀಕ್ಷೆಯ ತಾಸುಗಳು ಬೇರೆ.

ಮಾಡಿದ ದೇಶ ನೋಡಿ ಬೆಲೆ ಕಟ್ಟುವುದೂ ಅಷ್ಟೇ ದುರ್ಬಲ. ಬೆಂಗಳೂರಿನವರಿಗೆ ಬಾಷ್ ಎಂದರೆ ಆಡುಗೋಡಿಯ ಮೈಕೋ. 1951ರಲ್ಲಿ ಹುಟ್ಟಿ, 2008ರಲ್ಲಿ ಹೆಸರು ಬದಲಿಸಿ, ಇಂದಿಗೂ ಒಂದು ಲೇಔಟಿನ ಹೆಸರಾಗಿ ಉಳಿದಿರುವ ಕಂಪನಿ. ಅದೇ ಬಾಷ್‌ನ ಪವರ್ ಟೂಲ್ ಕಾರ್ಖಾನೆ ಮಲೇಷ್ಯಾದ ಪೆನಾಂಗ್‌ನಲ್ಲಿದೆ. ಜರ್ಮನಿಯಿಂದ ತರಿಸಿದ್ದು ಎಂದು ಬೀಗುತ್ತ ತಿರುಗಿಸಿ ನೋಡಿದರೆ ‘ಮೇಡ್ ಇನ್ ಮಲೇಷ್ಯಾ’ ಎಂದಿದ್ದೀತು.

ಇಷ್ಟೆಲ್ಲ ಹೇಳಿದ ಮೇಲೂ, ವರ್ಷಕ್ಕೆ ಹತ್ತು ತೂತು ಕೊರೆಯುವ ಮನೆಗೆ ಸಾವಿರ ರಿಂಗಿಟ್‌ನ ಯಂತ್ರ ದಂಡ ಎಂದೇ ನನ್ನ ಅಭಿಪ್ರಾಯ. ಆರು ತಾಸಿನ ಬಿಸಿ ತಾಳುವ ಮೋಟಾರಿಗೆ ಆರು ನಿಮಿಷದ ಕೆಲಸ. ಮಾಂಟ್ ಕಿಯಾರಾದಂಥ ಕಡೆ ದುಡ್ಡು ಹಾಕಬೇಕಾದದ್ದು ಬ್ರಾಂಡಿಗಲ್ಲ, ಯಂತ್ರದ ಜಾತಿಗೆ. ಇಟ್ಟಿಗೆ ಗೋಡೆಗೆ ಸಾದಾ ಇಂಪ್ಯಾಕ್ಟ್ ಡ್ರಿಲ್ ಸಾಕು. ಬಹುಮಹಡಿ ಕಟ್ಟಡದ ಕಂಬ, ತೊಲೆ, ಕಾಂಕ್ರೀಟ್ ಗೋಡೆ ಎದುರಾದರೆ ಅದು ಬರೀ ಅರಚುತ್ತದೆ. ಹಲ್ಲಿನ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ನಿಮಿಷಕ್ಕೆ ನಲವತ್ತು ಸಾವಿರದಷ್ಟು ಸಣ್ಣ ಕುಟುಕು ಕೊಡುವ ಯಂತ್ರ ಅದು. ಬಲವೆಲ್ಲ ನಮ್ಮ ತೋಳಿನದೇ. ರೋಟರಿ ಹ್ಯಾಮರ್‌ನ ಒಳಗೆ ಪಿಸ್ಟನ್ ಗಾಳಿಯನ್ನು ಒತ್ತಿ ಬಿಟ್ಟಿನ ಬೆನ್ನಿಗೆ ಏಟು ಹಾಕುತ್ತದೆ. ನಿಮಿಷಕ್ಕೆ ನಾಲ್ಕು ಸಾವಿರದಷ್ಟೇ, ಆದರೆ ಒಂದೊಂದೂ ಸುತ್ತಿಗೆಯ ಏಟು. ಇದರ ಬಿಟ್ಟು ಚಕ್‌ನಲ್ಲಿ ಬಿಗಿಯುವುದಿಲ್ಲ. ಬಾಷ್ 1970ರ ದಶಕದಲ್ಲಿ ತಂದ ಎಸ್‌ಡಿಎಸ್ ಎಂಬ ಹಿಡಿತದಲ್ಲಿ ಚಕ್ಕನೆ ಕೂತು ಹಿಂದೆಮುಂದೆ ಆಡುತ್ತದೆ. ಹೆಸರಿಲ್ಲದ ಕಂಪನಿಯ ರೋಟರಿ ಹ್ಯಾಮರ್ ಕೂಡ ಕಾಂಕ್ರೀಟಿನಲ್ಲಿ ಹೆಸರಾಂತ ಕಂಪನಿಯ ಇಂಪ್ಯಾಕ್ಟ್ ಡ್ರಿಲ್ಲನ್ನು ಸೋಲಿಸುತ್ತದೆ. ಶನಿವಾರದ ಅವಧಿ ಮುಗಿಯುವುದರೊಳಗೆ ನಾಲ್ಕು ತೂತು ಮುಗಿಸಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಅದೂ ಬೇಡವೆಂದರೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ತರಬಹುದು, ಕೆಲಸದವರನ್ನೇ ಕರೆಯಬಹುದು. ಬಿಟ್ಟಿನಲ್ಲಿ ಮಾತ್ರ ಜಿಪುಣತನ ಬೇಡ. ಮೊನೆಯ ಕಾರ್ಬೈಡ್ ಕಿತ್ತುಬಂದರೆ ಎಂಥ ಯಂತ್ರವೂ ಬೆಣೆಯಂತೆ ನಿಂತುಬಿಡುತ್ತದೆ.

ಊರಿನ ಬೆಲೆಗೂ ಇಲ್ಲಿಯದಕ್ಕೂ ತಾಳೆ ಹಾಕುವ ಚಟ ನಮ್ಮವರಿಗೆ ಬಿಡದು. ಭಾರತದಲ್ಲಿ ಪವರ್ ಟೂಲ್‌ಗೆ ಶೇ 18 ಜಿಎಸ್‌ಟಿ. ಮಲೇಷ್ಯಾ 2018ರಲ್ಲಿ ಜಿಎಸ್‌ಟಿ ಕೈಬಿಟ್ಟು ಮಾರಾಟ ತೆರಿಗೆಗೆ ಮರಳಿತು. ಹೊರದೇಶದಿಂದ ಆನ್‌ಲೈನ್‌ನಲ್ಲಿ ತರಿಸುವ 500 ರಿಂಗಿಟ್‌ವರೆಗಿನ ಸರಕಿಗೆ 2024ರ ಜನವರಿಯಿಂದ ಶೇ 10 ಕಟ್ಟಬೇಕು. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೇ ಸೀಮಿತ. ವೋಲ್ಟೇಜ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಪ್ಲಗ್ ಮಾತ್ರ ಬೇರೆ: ಮಲೇಷ್ಯಾದ್ದು ಬ್ರಿಟಿಷರ ಚೌಕ ಪಿನ್ನು, ನಮ್ಮದು ದುಂಡು ಪಿನ್ನು.

ವಾಪಸು ಹೊರಟಾಗ ಡ್ರಿಲ್ಲನ್ನು ಜೊತೆಗೊಯ್ಯುವುದಾದರೆ ಬ್ಯಾಟರಿಯ ಲೆಕ್ಕ ಮೊದಲೇ ಮಾಡಿಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಪೆಟ್ಟಿಗೆಗೆ ಸಲ್ಲದು, ಕೈಚೀಲದಲ್ಲೇ ಇರಬೇಕು. 100 ವಾಟ್-ಅವರ್ ಮೀರಿದರೆ ವಿಮಾನ ಕಂಪನಿಯ ಅನುಮತಿ ಬೇಕು. 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿ 90ಕ್ಕೆ ನಿಲ್ಲುತ್ತದೆ, 6ರದ್ದು 108 ಆಗುತ್ತದೆ. ಡ್ರಿಲ್ ಮತ್ತು ಬಿಟ್ಟುಗಳನ್ನು ಪೆಟ್ಟಿಗೆಗೇ ಹಾಕಬೇಕು. ಭದ್ರತಾ ತಪಾಸಣೆಯವರು ಕೈಚೀಲದಲ್ಲಿ ಬಿಡುವುದಿಲ್ಲ.